ಕ್ಯಾಮೆರಾಕ್ಕಿಂತ ಮೊದಲು ಕಿವಿ

ಪ್ರಸಾರ ಮತ್ತು ಡಿಜಿಟಲ್ ಮಾಧ್ಯಮದ ಮೊದಲ ಸೆಮಿಸ್ಟರ್‌ಗೆ ಬಂದಿದ್ದೀರಿ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಲ್ಲರ ಕೈಗೂ ಕ್ಯಾಮೆರಾ ಸಿಗುವುದು ಅಪರೂಪ, ಸರದಿ ಕಾಯಬೇಕು. ಕಾಯುತ್ತ ಕಿವಿ ಹದ ಮಾಡಿಕೊಳ್ಳಿ. 1935ರಲ್ಲಿ ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿ ಮನಶ್ಶಾಸ್ತ್ರದ ಮೇಷ್ಟ್ರು, ಎಂಜಿನಿಯರ್ ಅಲ್ಲ. ಅವರ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶದ ಬಾನುಲಿಯ ಹೆಸರಾಯಿತು.

ಮೈಕ್ ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿರಲಿ. ನೇರ ಎದುರಿಗಿಟ್ಟರೆ ಪ, ಫ, ಭ ಬಂದಾಗಲೆಲ್ಲ ಉಸಿರು ಮೈಕ್‌ಗೆ ಬಡಿದು ‘ಧಬ್’ ಎನ್ನುತ್ತದೆ. ನಮ್ಮ ಮಹಾಪ್ರಾಣಗಳು ಇಲ್ಲಿ ಶತ್ರುಗಳು. ರೆಕಾರ್ಡರ್‌ನ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್, ವೇವ್ (WAV) ಫೈಲ್ ಇರಲಿ. ಮೋನೋದಲ್ಲಿ, ಅಂದರೆ ಒಂದೇ ಚಾನೆಲ್‌ನಲ್ಲಿ, ನಿಮಿಷಕ್ಕೆ ಸುಮಾರು 8.6 ಎಂಬಿ, ಅಂದರೆ ಗಂಟೆಗೆ ಅರ್ಧ ಜಿಬಿ ಚಿಲ್ಲರೆ. ಮೆಮೊರಿ ಕಾರ್ಡ್‌ನಲ್ಲಿ ಜಾಗ ನೋಡಿಕೊಂಡು ಹೊರಡಿ. ರೆಕಾರ್ಡರ್‌ನ ಮೀಟರ್‌ನಲ್ಲಿ ಸೊನ್ನೆಯೇ ಗರಿಷ್ಠ ಮಿತಿ, ಅತಿ ಜೋರಿನ ಮಾತೂ ಮೈನಸ್ 6 ಡೆಸಿಬಲ್ ದಾಟದಿರಲಿ. ಮೆಲ್ಲಗೆ ಬಂದ ದನಿಯನ್ನು ಏರಿಸಬಹುದು, ಸೊನ್ನೆಗೆ ತಾಗಿ ಒಡೆದ ದನಿಯನ್ನು ಮೊದಲಿನಂತೆ ಮಾಡಲಾಗದು. ಸಂದರ್ಶನ ಮುಗಿದ ಮೇಲೆ ಯಾರೂ ಮಾತಾಡದೆ ಅದೇ ಕೋಣೆಯ ಮೌನವನ್ನು 30 ಸೆಕೆಂಡ್ ರೆಕಾರ್ಡ್ ಮಾಡಿ. ಮಾತು ಕತ್ತರಿಸಿದ ಜಾಗಕ್ಕೆ ಅದನ್ನೇ ತುಂಬಬೇಕು, ಇಲ್ಲದಿದ್ದರೆ ಫ್ಯಾನಿನ ಗುಂಯ್‌ಗುಡುವಿಕೆ ನಡುನಡುವೆ ನಿಂತು ಹೋದಂತೆ ಕೇಳಿಸುತ್ತದೆ.

ಸ್ಕ್ರಿಪ್ಟ್ ವಿಷಯ. ನಿಮಿಷಕ್ಕೆ 150 ಪದ ಎಂಬ ಇಂಗ್ಲಿಷ್ ಪಠ್ಯಪುಸ್ತಕದ ಲೆಕ್ಕ ಕನ್ನಡಕ್ಕೆ ಒಗ್ಗದು. ‘ಹೋಗಬೇಕಾಗಿದ್ದರೂ’ ನಮಗೆ ಒಂದೇ ಪದ. ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿಯೇ ಅಳೆಯಿರಿ. 1,25,000 ಎಂದು ಬರೆದಿಟ್ಟರೆ ಓದುವವರು ಅಲ್ಲೇ ಎಡವುತ್ತಾರೆ. ‘ಒಂದೂಕಾಲು ಲಕ್ಷ’ ಎಂದು ಬರೆಯಿರಿ.

ಮೊಬೈಲ್‌ನಲ್ಲಿ ಚಿತ್ರೀಕರಿಸುವವರಿಗೆ ಒಂದು ಎಚ್ಚರ. ನಮ್ಮ ವಿದ್ಯುತ್ 50 ಹರ್ಟ್ಸ್, ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಮೊಬೈಲ್ ತಾನಾಗಿ ಸೆಕೆಂಡಿಗೆ 30 ಫ್ರೇಮ್ (ಚಿತ್ರ), 1/60 ಸೆಕೆಂಡಿನ ಷಟರ್ (ಒಂದೊಂದು ಚಿತ್ರಕ್ಕೆ ಬೆಳಕು ಬೀಳುವ ಅವಧಿ) ಹಿಡಿದರೆ ಗೋಡೆಯ ಮೇಲೆ ಪಟ್ಟೆಗಳು ಹರಿದಾಡುತ್ತವೆ. 25 ಫ್ರೇಮ್, 1/50 ಷಟರ್ ಇಟ್ಟರೆ ಸಾಮಾನ್ಯವಾಗಿ ಮಾಯ. ಎರಡನೆಯ ತೊಂದರೆ, ಹಲವು ಮೊಬೈಲ್‌ಗಳ ಫ್ರೇಮ್ ವೇಗ ಏರಿಳಿಯುತ್ತದೆ. ಬೇರೆ ರೆಕಾರ್ಡರ್‌ನ ದನಿ ಜೋಡಿಸಿದಾಗ ಮೊದಲ ನಿಮಿಷ ಸರಿಯಿದ್ದು, ಹತ್ತನೆಯ ನಿಮಿಷಕ್ಕೆ ತುಟಿಯೇ ಬೇರೆ, ಮಾತೇ ಬೇರೆ. ಎಡಿಟಿಂಗ್‌ಗೆ ಮುನ್ನ ವಿಡಿಯೊವನ್ನು ಸ್ಥಿರ ಫ್ರೇಮ್ ವೇಗಕ್ಕೆ ಬದಲಿಸಿಕೊಳ್ಳಿ.

ಕ್ಯಾಂಪಸ್‌ನಲ್ಲಿ ಸಮುದಾಯ ಬಾನುಲಿ (ಸುತ್ತಲಿನ ಜನರಿಗಾಗಿ ನಡೆಸುವ ಸಣ್ಣ ಕೇಂದ್ರ) ಇದ್ದರೆ ಅದೇ ನಿಮ್ಮ ನಿಜವಾದ ಪ್ರಯೋಗಶಾಲೆ. ಶಿಕ್ಷಣ ಸಂಸ್ಥೆಗಳಿಗೆ 2002ರಲ್ಲಿ ಅವಕಾಶ ಸಿಕ್ಕಿತು, 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದಿಂದ ಪ್ರಸಾರ ಶುರುವಾಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೂ ಇಂಥ ಕೇಂದ್ರವಿದೆ. ಸ್ವಂತ ಸುದ್ದಿ ಬುಲೆಟಿನ್‌ಗೆ ಅನುಮತಿಯಿಲ್ಲ, ಪತ್ರಿಕೋದ್ಯಮ ಕಲಿಯುವವರಿಗೆ ಇದು ಬೇಸರದ ನಿಯಮವೇ. ಆದರೆ ಹವಾಮಾನ, ಪರೀಕ್ಷೆ, ಉದ್ಯೋಗ, ನೀರು–ಕರೆಂಟಿನ ಪ್ರಕಟಣೆಗಳು ಸುದ್ದಿಯ ಲೆಕ್ಕಕ್ಕೆ ಬರುವುದಿಲ್ಲ. ವರದಿಗಾರಿಕೆಯ ಕಸರತ್ತಿಗೆ ಅಷ್ಟು ಜಾಗ ಸಾಕು.

ಕೊನೆಗೆ ಸಬ್‌ಟೈಟಲ್. ‘ನುಡಿ’ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ ಟೈಪಿಸಿದ್ದು ಎಡಿಟಿಂಗ್ ತಂತ್ರಾಂಶಕ್ಕೆ ಹೋದರೆ ಚಿಹ್ನೆಗಳ ಗೋಜಲಾಗುತ್ತದೆ, ಯುನಿಕೋಡ್‌ನಲ್ಲೇ ಟೈಪಿಸಿ. ಪ್ರೀಮಿಯರ್ ಎಂಬ ಎಡಿಟಿಂಗ್ ತಂತ್ರಾಂಶ ಬಳಸುವವರು ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಒತ್ತಿ, ‘ರಾಷ್ಟ್ರ’, ‘ಸೂರ್ಯ’ ಎಂದು ಬರೆದು ನೋಡಿ. ಒತ್ತಕ್ಷರ ತನ್ನ ಜಾಗದಲ್ಲಿ ಕೂತರೆ ಸರಿ. ಪಕ್ಕಕ್ಕೆ ಜಾರಿ ನಿಂತರೆ ಫಾಂಟ್ ಬದಲಿಸಿ ಮತ್ತೆ ನೋಡಿ.