ಕಣ್ಣಿನ ಟೆಸ್ಟ್‌ಗೆ ತಲೆಸ್ನಾನ: ನನ್ನ ವಿಇಪಿ ವ್ಲಾಗ್

ಇದು ಆಸ್ಪತ್ರೆಯ ಎರಡನೇ ಮಹಡಿ. ಬೋರ್ಡ್ ಕಾಣಿಸ್ತಿದೆ ಅಲ್ವಾ, ನ್ಯೂರೋ ಲ್ಯಾಬ್. ಕಣ್ಣಿನ ಟೆಸ್ಟ್‌ಗೆ ಬಂದವಳು ನರದ ವಿಭಾಗದಲ್ಲಿ ಯಾಕೆ ಕೂತಿದ್ದಾಳೆ ಅಂತ ನೀವು ಕಮೆಂಟ್ ಹಾಕುವ ಮೊದಲೇ ಹೇಳಿಬಿಡುತ್ತೇನೆ. ಸ್ವಲ್ಪ ದಿನದ ಹಿಂದೆ ನನ್ನ ಬಲಗಣ್ಣು ಮಂಜಾಗಿತ್ತು. ಕಣ್ಣು ಹೊರಳಿಸಿದರೆ ನೋವು. ಅದೇ ಕುಂಕುಮ, ಎಡಗಣ್ಣಿಗೆ ಕೆಂಪಗೆ ಕಾಣುತ್ತಿತ್ತು, ಬಲಗಣ್ಣಿಗೆ ಮಾಸಲು. ಕಣ್ಣಿನ ನರದ ಉರಿಯೂತ ಅಂದರು. ಈಗ ಅಕ್ಷರದ ಬೋರ್ಡಿನ ಕೊನೆ ಸಾಲನ್ನೂ ಓದುತ್ತೇನೆ. ಆದರೂ ಡಾಕ್ಟರು ವಿಇಪಿ ಮಾಡಿಸಿ ಅಂದರು, ಅಂದರೆ ಕಣ್ಣು ನೋಡಿದ್ದು ನರದ ಮೂಲಕ ಮೆದುಳಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಅಂತ ಅಳೆಯುವ ಟೆಸ್ಟ್. ಚೆನ್ನಾಗಿ ಕಾಣಿಸುತ್ತಿರುವ ಕಣ್ಣಿಗೆ 1,800 ರೂಪಾಯಿ! ಸುಮ್ನೆ ದುಡ್ಡು ಕೀಳೋಕೆ ಅಂತ ಬೈಕೊಂಡೇ ಬಂದೆ.

ಈ ಕ್ಲಿಪ್‌ನಲ್ಲಿ ನಾನು ಮೆಟ್ಟಿಲು ಇಳಿದು ಹೊರಗೆ ಓಡುತ್ತಿದ್ದೇನೆ. ಯಾಕೆ ಅಂದರೆ ಎಣ್ಣೆ. ಒಳಗೆ ಕರೆದು ಕೂರಿಸಿದ ತಕ್ಷಣ ಟೆಕ್ನಿಷಿಯನ್ ಮೇಡಂ ನನ್ನ ಕೂದಲು ಮುಟ್ಟಿ ನೋಡಿ, "ಏನಮ್ಮ, ತಲೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದೀರಲ್ಲ, ಎಲೆಕ್ಟ್ರೋಡ್ ನಿಲ್ಲಲ್ಲ, ತೊಳ್ಕೊಂಡು ಬನ್ನಿ" ಅಂದರು. ಎಲೆಕ್ಟ್ರೋಡ್ ಅಂದರೆ ಮೆದುಳಿನ ಸಂಕೇತ ಹಿಡಿಯೋಕೆ ತಲೆಗೆ ಅಂಟಿಸುವ ವೈರಿನ ಬಿಲ್ಲೆ. ಹಿಂದಿನ ರಾತ್ರಿ ಅಮ್ಮ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿದ್ದರು. ಆಸ್ಪತ್ರೆಯಿಂದ ಬಂದ ಮೆಸೇಜ್ ಇಲ್ಲಿ ಸ್ಕ್ರೀನ್ ಮೇಲೆ ಹಾಕಿದ್ದೇನೆ, ನೀವೇ ಓದಿ. ಪಾರ್ಕಿಂಗ್ ಇಲ್ಲ ಅಂತ ಇದೆ. ಹಳೇ ಫೈಲ್ ತನ್ನಿ ಅಂತ ಇದೆ. ಆ್ಯಪ್ ಡೌನ್‌ಲೋಡ್ ಮಾಡಿ ಅಂತ ಎರಡು ಸಲ ಇದೆ. ಎಣ್ಣೆ ಹಾಕಬೇಡಿ ಅಂತ ಎಲ್ಲೂ ಇಲ್ಲ. ನಮ್ಮ ಊರುಗಳಲ್ಲಿ ಎಣ್ಣೆ ಹಾಕದ ತಲೆ ಎಷ್ಟಿವೆ ಸ್ವಾಮಿ?

ಆಸ್ಪತ್ರೆಯ ಮೆಡಿಕಲ್ ಸ್ಟೋರ್‌ನಲ್ಲಿ ಶಾಂಪೂ ಕೇಳಿದರೆ ಹೊಟ್ಟಿನ ಶಾಂಪೂ ಬಾಟಲಿ ಕೊಟ್ಟರು, 385 ರೂಪಾಯಿ. ಚಿಕ್ಕದು ಇಲ್ವಾ ಅಂದರೆ ಇದೇ ಚಿಕ್ಕದು ಅಂದರು. ರಸ್ತೆ ದಾಟಿದರೆ ಪೆಟ್ಟಿಗೆ ಅಂಗಡಿ. ಗುಟ್ಕಾ ಪೌಚಿನ ಪಕ್ಕದಲ್ಲೇ ಶಾಂಪೂ ಸ್ಯಾಶೆಗಳು ಮಾಲೆಯಂತೆ ನೇತಾಡುತ್ತಿದ್ದವು, ಒಂದಕ್ಕೆ ಎರಡು ರೂಪಾಯಿ. ಮೂರು ಹರಿದುಕೊಂಡೆ. ಲೇಡೀಸ್ ಟಾಯ್ಲೆಟ್ಟಿನ ವಾಶ್ ಬೇಸಿನ್ನಿನ ಒಳಗೆ ತಲೆ ಹಿಡಿಸಲ್ಲ, ನಲ್ಲಿ ಅಷ್ಟು ತಗ್ಗು. ಬಗ್ಗಿ, ಓರೆಯಾಗಿ, ಒಂದೊಂದೇ ಭಾಗ ತೊಳೆದೆ. ಒಣಗಿಸೋದಕ್ಕೆ ಕೈ ಒಣಗಿಸುವ ಮೆಷಿನ್ ಕೆಳಗೆ ತಲೆ ಒಡ್ಡಿದೆ. ಅದು ಹತ್ತು ಸೆಕೆಂಡಿಗೆ ನಿಂತುಬಿಡುತ್ತದೆ. ಮತ್ತೆ ಕೈ ಅಲ್ಲಾಡಿಸಬೇಕು. ಹಿಂದೆ ಕ್ಯೂ ನಿಂತ ಅಜ್ಜಿ, "ನೆಗಡಿ ಆಗುತ್ತೆ ಕಣೇ" ಅಂತ ತಮ್ಮ ಟವೆಲ್ ಕೊಟ್ಟರು. ಇದನ್ನು ಶೂಟ್ ಮಾಡಿಲ್ಲ, ಮಾನ ಉಳೀಲಿ ಅಂತ.

ಸರಿ, ಒಳಗೆ. ಫೋನ್ ಫ್ಲೈಟ್ ಮೋಡ್‌ಗೆ ಹಾಕಿ ಕಿಟಕಿ ಹತ್ತಿರ ಇಡಿ ಅಂದರು, ಅದಕ್ಕೇ ಶಾಟ್ ದೂರ. ಟೇಪ್ ಹಿಡಿದು ಮೂಗಿನ ಬುಡದಿಂದ ತಲೆಯ ಹಿಂದಿನ ಉಬ್ಬಿನ ತನಕ ಅಳೆದರು. ನನ್ನದು 36 ಸೆಂಟಿಮೀಟರ್. ಅದರ ನೂರಕ್ಕೆ ಹತ್ತು, ಅಂದರೆ ಉಬ್ಬಿನಿಂದ 3.6 ಸೆಂಟಿಮೀಟರ್ ಮೇಲೆ, ಕೆಂಪು ಪೆನ್ಸಿಲ್ಲಿನಲ್ಲಿ ಗುರುತು. ಮುಖ್ಯ ಎಲೆಕ್ಟ್ರೋಡ್ ಅಲ್ಲೇ. ನೋಡುವ ಕೆಲಸ ಮಾಡುವ ಮೆದುಳಿನ ಭಾಗ ಇರುವುದು ಹಿಂದೆ. ಇನ್ನೊಂದು ಮುಂದೆ, ಮತ್ತೊಂದು ಅರ್ತಿಂಗ್‌ಗೆ. ಚರ್ಮ ತಿಕ್ಕುವ ಜೆಲ್ ಇದೆಯಲ್ಲ, ಮರಳು ಮರಳು, ಉರಿಯುತ್ತದೆ. ಅದರ ಮೇಲೆ ಗಟ್ಟಿ ಪೇಸ್ಟ್.

ಆಮೇಲೆ ಒಂದು ಕಣ್ಣು ಮುಚ್ಚಿ, ಸ್ಕ್ರೀನಿನ ನಡುವಿನ ಕೆಂಪು ಚುಕ್ಕೆ ನೋಡುತ್ತಾ ಕೂರಬೇಕು. ಸುತ್ತ ಕಪ್ಪು ಬಿಳಿ ಚೌಕಗಳು. ಸೆಕೆಂಡಿಗೆ ಎರಡು ಸಲ ಕಪ್ಪು ಬಿಳಿಯಾಗುತ್ತದೆ, ಬಿಳಿ ಕಪ್ಪಾಗುತ್ತದೆ. ಅಷ್ಟೇ. ಇಷ್ಟು ಬೋರಿಂಗ್ ಟೆಸ್ಟ್ ನಾನು ನೋಡಿಲ್ಲ. ಕಣ್ಣು ಎಳೆಯುತ್ತಿತ್ತು. "ನಿದ್ದೆ ಮಾಡಬೇಡಿ, ಚುಕ್ಕೆ ಬಿಟ್ಟು ಬೇರೆ ಕಡೆ ನೋಡಿದರೆ ಗ್ರಾಫ್ ಕೆಡುತ್ತೆ" ಅಂತ ಹಿಂದಿನಿಂದ ದನಿ. ಚುಕ್ಕೆ ನೋಡೋಕೇ ಬಾರದ ಮಕ್ಕಳಿಗೆ ಬರೀ ಬೆಳಕು ಮಿಂಚಿಸಿ ಮಾಡುತ್ತಾರಂತೆ. ಅದು ಇಷ್ಟು ನಿಖರ ಅಲ್ಲ.

ಒಂದೇ ಸಲಕ್ಕೆ ಆಗಲ್ವಾ ಅಂತ ಕೇಳಿದೆ. ಆಗಲ್ಲ. ಮೆದುಳಿನಲ್ಲಿ ಯಾವಾಗಲೂ ಓಡುತ್ತಿರುವ ಅಲೆಗಳು ಜಾಸ್ತಿ ದೊಡ್ಡವು. ಚೌಕ ಬದಲಾದಾಗ ಮೆದುಳು ಕೊಡುವ ಉತ್ತರ ಹತ್ತು ಮೈಕ್ರೋವೋಲ್ಟ್ ಆಸುಪಾಸು, ಸಂತೆಯ ಗಲಾಟೆಯಲ್ಲಿ ಯಾರೋ ಪಿಸುಗುಟ್ಟಿದ ಹಾಗೆ. ಅದಕ್ಕೆ ನೂರು ಸಲ ಬದಲಾಯಿಸಿ ಸರಾಸರಿ ತೆಗೆಯುತ್ತಾರೆ. ಗಲಾಟೆ ಒಂದೊಂದು ಸಲ ಒಂದೊಂದು ಥರ, ಕೂಡಿದರೆ ಅಳಿಸಿಹೋಗುತ್ತದೆ. ಉತ್ತರ ಮಾತ್ರ ಪ್ರತಿ ಸಲವೂ ಅದೇ ಹೊತ್ತಿಗೆ ಬರುವುದರಿಂದ ಉಳಿದುಕೊಳ್ಳುತ್ತದೆ. ನಂಬಿಕೆ ಬರಲಿ ಅಂತ ಪೂರ್ತಿ ಇನ್ನೊಮ್ಮೆ.

ಇದು ಕಾಯುವ ಜಾಗದ ಕುರ್ಚಿ. ಪಕ್ಕದಲ್ಲಿದ್ದ ಹಿರಿಯರು ಚಾಮರಾಜನಗರದ ಕಡೆಯವರು. ಮುಖ ತೋರಿಸುತ್ತಿಲ್ಲ. ಟಿಬಿಗೆ ಮಾತ್ರೆ ತಗೊಳ್ಳುತ್ತಿದ್ದರು, ಬಣ್ಣ ಸರಿಯಾಗಿ ಗೊತ್ತಾಗುತ್ತಿಲ್ಲವಂತೆ. ಎಥಾಂಬುಟಾಲ್ ಅನ್ನುವ ಮಾತ್ರೆ ಕೆಲವರಲ್ಲಿ ಕಣ್ಣಿನ ನರಕ್ಕೇ ಪೆಟ್ಟು ಕೊಡುತ್ತದೆ. ನಿಮ್ಮ ಮನೆಯಲ್ಲಿ ಯಾರಾದರೂ ತಗೊಳ್ಳುತ್ತಿದ್ದರೆ, ದೃಷ್ಟಿ ಮಂಜು, ಬಣ್ಣ ಮಾಸಲು ಅಂದ ದಿನವೇ ಡಾಕ್ಟರಿಗೆ ಹೇಳಿ. ನೀವೇ ಮಾತ್ರೆ ನಿಲ್ಲಿಸಿಬಿಡಬೇಡಿ. ಅಯ್ಯೋ, ಶಾಟ್ ಬದಲಾಯಿತು.

ರಿಪೋರ್ಟ್. ಗ್ರಾಫಿನಲ್ಲಿ ಈ ಗುಡ್ಡ ಇದೆಯಲ್ಲ, ಇದಕ್ಕೆ ಪಿ100 ಅಂತಾರೆ. ಚೌಕ ಬದಲಾದ ಸುಮಾರು 100 ಮಿಲಿಸೆಕೆಂಡಿಗೆ ಬರಬೇಕು. ಎಡಗಣ್ಣು 102. ಬಲಗಣ್ಣು 131. ಗುಡ್ಡದ ಎತ್ತರ ಹೆಚ್ಚುಕಡಿಮೆ ಒಂದೇ. ನರದ ಮೇಲಿನ ಮೈಲಿನ್ ಅನ್ನುವ ಹೊದಿಕೆ ಹಾಳಾದರೆ ಸಂಕೇತ ತಡವಾಗುತ್ತದೆ, ಎಳೆಗಳೇ ಸತ್ತರೆ ಗುಡ್ಡ ಕುಗ್ಗುತ್ತದೆ. ಒಂದೇ ಕಣ್ಣಿನಲ್ಲಿ ತಡ ಅಂದರೆ, ಎರಡೂ ಕಣ್ಣಿನ ನರಗಳು ಕೂಡುವ ಜಾಗ ತಲುಪುವ ಮೊದಲೇ, ಕಣ್ಣಿನ ಕಡೆಗೇ ತೊಂದರೆ. ನೋಡಿ, ಬೋರ್ಡ್ ಪೂರ್ತಿ ಓದುವ ಕಣ್ಣು! 1972ರಲ್ಲಿ ಲಂಡನ್‌ನಲ್ಲಿ ಹ್ಯಾಲಿಡೆ, ಮೆಕ್‌ಡೊನಾಲ್ಡ್, ಮುಶಿನ್ ಎಂಬ ಮೂವರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದದ್ದು ಇದನ್ನೇ. ದೃಷ್ಟಿ ವಾಪಸ್ ಬಂದರೂ ಹೆಚ್ಚಿನವರಲ್ಲಿ ಈ ತಡ ಉಳಿದುಬಿಡುತ್ತದೆ. ಆಗ ಆಸ್ಪತ್ರೆಗಳಿಗೆ ಎಂಆರ್‌ಐ ಇನ್ನೂ ಬಂದಿರಲಿಲ್ಲ.

ಹಾಗಾಗಿ 1,800ರ ಮೇಲಿನ ಸಿಟ್ಟು ವಾಪಸ್ ತಗೊಂಡೆ. 385ರದ್ದು ಹಾಗೇ ಇದೆ. ತಡ ಯಾಕೆ ಅಂತ ಈ ಗ್ರಾಫ್ ಒಂದೇ ಹೇಳಲ್ಲ, ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆ, ಕಣ್ಣಿನ ಒಳಪರದೆ ರೆಟಿನಾದ ತೊಂದರೆಯಿಂದಲೂ ಕೆಡಬಹುದು. ಎಂಆರ್‌ಐ ನೋಡಿ ಡಾಕ್ಟರು ಹೇಳಬೇಕು. ನೀವು ಹೋಗುವುದಿದ್ದರೆ ಕನ್ನಡಕ ತಗೊಂಡೇ ಹೋಗಿ, ಇಲ್ಲದಿದ್ದರೆ ಚೌಕ ಮಂಜಾಗಿ ಟೈಮಿಂಗೇ ಕೆಡುತ್ತದೆ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿಸಿಕೊಂಡ ದಿನವಂತೂ ಬೇಡ. ಆಟೋದವರು ಹಾರ್ನ್ ಹೊಡೀತಿದ್ದಾರೆ, ಬಂದೆ ಅಣ್ಣ, ಬಂದೆ!