ಹಳೇ ಕ್ಲಚ್ ಪ್ಲೇಟು ತೋರಿಸಿ ಅನ್ನಿ

ಕೇಳುಗರಿಗೆ ನಮಸ್ಕಾರ.

ಹೋದ ಮಳೆಗಾಲದಲ್ಲಿ ಶಿರಾಡಿ ಘಾಟಿ ಹತ್ತುವಾಗ ನನ್ನ ಕಾರಿನಿಂದ ಸುಟ್ಟ ವಾಸನೆ ಬಂತು. ಲಾರಿಗಳ ಸಾಲಿನ ಹಿಂದೆ ನಿಂತು ನಿಂತು ಹತ್ತುತ್ತಿದ್ದೆ. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಹೇಗೋ ಸಕಲೇಶಪುರ ಮುಟ್ಟಿದೆ. ಗಾಡಿ ಓಡಿದ್ದು 31 ಸಾವಿರ ಕಿಲೋಮೀಟರ್. ವಾರಂಟಿ ಇನ್ನೂ ಏಳು ತಿಂಗಳು ಇತ್ತು.

ಡೀಲರ್ ಸರ್ವಿಸ್ ಸೆಂಟರಿಗೆ ಎಳೆಸಿಕೊಂಡು ಹೋದೆ. ಮೊದಲ ದಿನ ಕ್ಲಚ್ ಸೆಟ್ ಮಾತ್ರ ಅಂದರು, 16 ಸಾವಿರ. ಮೂರನೇ ದಿನ ಫೋನ್ ಬಂತು. "ಸರ್, ಫ್ಲೈವೀಲ್ ಕೂಡ ಹೋಗಿದೆ, ಒಟ್ಟು 58 ಸಾವಿರ ಆಗುತ್ತೆ." ವಾರಂಟಿ ಇದೆಯಲ್ಲ ಅಂದೆ. "ಕ್ಲಚ್ ಸವೆಯೋ ಪಾರ್ಟು ಸರ್, ವಾರಂಟಿ ಬರಲ್ಲ. ನೀವು ಹಾಫ್ ಕ್ಲಚ್‌ನಲ್ಲಿ ಓಡಿಸ್ತೀರಿ."

ಈ ಮಾತನ್ನು ನಿಮ್ಮಲ್ಲೂ ಎಷ್ಟೋ ಜನ ಕೇಳಿರುತ್ತೀರಿ. ಅದರಲ್ಲಿ ಸತ್ಯ ಇಲ್ಲ ಅಂತಲ್ಲ. ಎಂಜಿನ್ನಿನ ತುದಿಯಲ್ಲಿ ತಿರುಗುವ ಭಾರದ ಚಕ್ರವೇ ಫ್ಲೈವೀಲ್. ಕ್ಲಚ್ ಪ್ಲೇಟು ಅದನ್ನು ಬಿಗಿಯಾಗಿ ಕಚ್ಚಿಕೊಂಡಾಗ ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸಿಗೆ ದಾಟುತ್ತದೆ. ಪೆಡಲನ್ನು ಅರ್ಧ ಒತ್ತಿ ಹಿಡಿದರೆ ಎರಡೂ ಉಜ್ಜಿಕೊಂಡು ಬಿಸಿಯಾಗುತ್ತವೆ, ಪ್ಲೇಟಿನ ಮೇಲಿನ ಉಜ್ಜುವ ಪದರ, ಅಂದರೆ ಲೈನಿಂಗ್, ಸವೆಯುತ್ತದೆ. ಅದು ಓಡಿಸುವವರ ತಪ್ಪು, ಒಪ್ಪಬೇಕು. ಆದರೆ ಲೈನಿಂಗಿಗೆ ಆಯಿಲ್ ತಾಗಿದರೂ ಪ್ಲೇಟು ಜಾರುತ್ತದೆ, ಸುಡುತ್ತದೆ. ಎಂಜಿನ್ ಹಿಂಭಾಗದಲ್ಲಿ ಆಯಿಲ್ ಹೊರಬರದಂತೆ ತಡೆಯುವ ಸೀಲ್ ಸೋರಿದ್ದರೆ ಅದಕ್ಕೂ ನನ್ನ ಡ್ರೈವಿಂಗಿಗೂ ಸಂಬಂಧ ಇಲ್ಲ, ಅಲ್ವಾ?

ಫೋನಿನಲ್ಲಿ ಹೂಂ ಅನ್ನಲಿಲ್ಲ. ಬಿಚ್ಚಿದ ಸಾಮಾನು ಹಾಗೇ ಇಡಿ, ಬರುತ್ತೇನೆ ಅಂದೆ. ಮರುದಿನ ಹೋದಾಗ ಪ್ಲೇಟು ರಟ್ಟಿನ ಡಬ್ಬಿಯಲ್ಲಿತ್ತು. ಪೂರ್ತಿ ಸವೆದ ಪ್ಲೇಟಿನಲ್ಲಿ, ಲೈನಿಂಗನ್ನು ಹಿಡಿದಿಡುವ ರಿವೆಟ್ಟಿನ ತಲೆಗಳು ಲೈನಿಂಗಿನ ಮಟ್ಟಕ್ಕೆ ಬಂದಿರುತ್ತವೆ. ನನ್ನದರಲ್ಲಿ ಅವು ಇನ್ನೂ ಗುಳಿಯೊಳಗೇ ಇದ್ದವು. ಲೈನಿಂಗ್ ಉಳಿದಿತ್ತು, ಮೇಲೆ ಕಪ್ಪು ಜಿಡ್ಡು ಕೂತಿತ್ತು. ಮುಟ್ಟಿದರೆ ಬೆರಳಿಗೆ ಅಂಟಿತು. ಫ್ಲೈವೀಲ್ ಬಿಚ್ಚಿದ ಜಾಗಕ್ಕೆ ಮೊಬೈಲ್ ಟಾರ್ಚ್ ಹಿಡಿದೆ. ಸೀಲಿನ ಕೆಳಗೆ ಒದ್ದೆ ಗೆರೆ ಇಳಿದಿತ್ತು. ಪಕ್ಕದಲ್ಲಿದ್ದ ಹಿರಿಯ ಮೆಕ್ಯಾನಿಕ್ ಸುಮ್ನೆ ತಲೆಯಾಡಿಸಿದರು.

ಇನ್ನು ಫ್ಲೈವೀಲ್. ನನ್ನದು ಡೀಸೆಲ್ ಗಾಡಿ. ಇಂಥ ಎಷ್ಟೋ ಗಾಡಿಗಳಲ್ಲಿ ಫ್ಲೈವೀಲ್ ಎರಡು ಭಾಗದ್ದು, ನಡುವೆ ಸ್ಪ್ರಿಂಗು. ಡ್ಯುಯಲ್ ಮಾಸ್ ಅನ್ನುತ್ತಾರೆ. ಎಂಜಿನ್ನಿನ ನಡುಕ ನುಂಗುವುದು ಅದರ ಕೆಲಸ, ಬೆಲೆಯೂ ಜಾಸ್ತಿ. ಆದರೆ ಅದು ಹೋಗಿದೆಯೋ ಇಲ್ಲವೋ ಎಂದು ತಿಳಿಯಲು ಅಳತೆ ಇದೆ. ಕೈಯಲ್ಲಿ ಎಷ್ಟು ತಿರುಗಬಹುದು, ಎಷ್ಟು ಅಲುಗಾಡಬಹುದು ಎಂದು ತಯಾರಕರೇ ಮಿತಿ ಕೊಟ್ಟಿರುತ್ತಾರೆ. "ಅಳತೆ ಎಷ್ಟು ಬಂತು, ಮಿತಿ ಎಷ್ಟು, ಜಾಬ್ ಕಾರ್ಡ್ ಮೇಲೆ ಬರೆದುಕೊಡಿ" ಅಂದೆ. ಗಾಡಿಗೆ ಮಾಡುವ ಕೆಲಸ ಬರೆದುಕೊಳ್ಳುವ ಚೀಟಿ ಅದು. ಅವರು ಅಳೆದೇ ಇರಲಿಲ್ಲ. ನನ್ನೆದುರು ಅಳೆದಾಗ ಮಿತಿಯೊಳಗೇ ಇತ್ತು.

ಫೋಟೋ ಸಮೇತ ಕಂಪನಿಗೆ ಇಮೇಲ್ ಕಳಿಸಿದೆ. ಹನ್ನೊಂದು ದಿನದ ಮೇಲೆ ಸೀಲು, ಕ್ಲಚ್ ಸೆಟ್ ಎರಡೂ ವಾರಂಟಿಯಲ್ಲಿ ಆಯಿತು. ಗೇರ್‌ಬಾಕ್ಸ್ ಇಳಿಸಿದ ಕೂಲಿ ಮಾತ್ರ ಕೊಡಿ ಅಂದರು. ಸೀಲು ಬದಲಿಸಲು ಹೇಗೂ ಗೇರ್‌ಬಾಕ್ಸ್ ಇಳಿಸಲೇಬೇಕಲ್ಲ ಎಂದು ಕೇಳಿದೆ. ಅದನ್ನೂ ಬಿಟ್ಟರು.

ಅವರು ಒಪ್ಪದೇ ಇದ್ದಿದ್ದರೆ? 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ದೋಷ ಗೊತ್ತಾಗಬೇಕಾದರೆ ಆಯೋಗ ಆ ಸಾಮಾನನ್ನು ಲ್ಯಾಬಿಗೂ ಕಳಿಸಬಹುದು. ಆದರೆ ಹಳೇ ಪ್ಲೇಟು ಗುಜರಿಗೆ ಹೋಗಿದ್ದರೆ ಏನನ್ನು ಕಳಿಸುವುದು? ಎಷ್ಟೋ ಜನರ ಜಗಳ ಸೋಲುವುದು ಇಲ್ಲೇ. ತುರ್ತಿಗೆ ದುಡ್ಡು ಕೊಟ್ಟು ಗಾಡಿ ಬಿಡಿಸಿಕೊಳ್ಳಲೇಬೇಕು ಅಂತಾದರೆ, "ಆಕ್ಷೇಪಣೆಯೊಂದಿಗೆ ಕೊಟ್ಟಿದ್ದೇನೆ" ಎಂದು ಬಿಲ್ಲಿನ ಮೇಲೆ ಬರೆದು ಸಹಿ ಹಾಕಿ, ಪ್ರತಿ ಇಟ್ಟುಕೊಳ್ಳಿ.

ವಾರಂಟಿಯಲ್ಲಿ ಬದಲಾದ ಸಾಮಾನು ಕಂಪನಿಗೆ ವಾಪಸ್ ಹೋಗುತ್ತದೆ. ಹಾಗಾಗಿ ಆ ಪ್ಲೇಟು ನನ್ನ ಹತ್ತಿರ ಇಲ್ಲ, ಫೋಟೋ ಇದೆ. ನೀವು ದುಡ್ಡು ಕೊಟ್ಟು ಹಾಕಿಸುವುದಾದರೆ ಹಳೆಯದನ್ನು ಕೇಳಿ ಪಡೆಯಿರಿ. ಗಾಡಿ ಬಿಡುವಾಗಲೇ ಜಾಬ್ ಕಾರ್ಡಿನಲ್ಲಿ ಬರೆಸಿ. ತರಲು ಹೋಗುವಾಗ ಒಂದು ಗಟ್ಟಿ ಚೀಲ ಒಯ್ಯಿರಿ, ಕ್ಲಚ್ ಸೆಟ್ ಭಾರ ಇರುತ್ತದೆ.

ನಮಸ್ಕಾರ.