ಕೊನೆಯ ಸಾಲಿನ ಹುಡುಗ

ಕೇಳುಗರೆಲ್ಲರಿಗೂ ನಮಸ್ಕಾರ. ದೇವರ ಮೇಲೆ ನಂಬಿಕೆ ಇದ್ದರೆ ಹುಡುಗರು ನೆಮ್ಮದಿಯಾಗಿರುತ್ತಾರಾ? ಕಾಲೇಜು ಮಕ್ಕಳ ಜೊತೆ ಕೂತು ಅವರ ಕಷ್ಟ ಕೇಳುವುದು ನನ್ನ ಕೆಲಸ. ಹಾಗಾಗಿ ತಂದೆತಾಯಂದಿರು ನನ್ನನ್ನು ಇದನ್ನೇ ಕೇಳುತ್ತಾರೆ. ನನ್ನ ಉತ್ತರ ಒಂದೇ. ನಂಬಿಕೆ ಇದ್ದರೆ ಸಾಲದು, ಪ್ರಾರ್ಥನೆಗೆ ಹೋಗುವ ಜಾಗದಲ್ಲಿ ನಿಮ್ಮನ್ನು ಹೆಸರು ಹಿಡಿದು ಕರೆಯುವವರು ಬೇಕು.

ಇದು ನನ್ನ ಊಹೆಯಲ್ಲ. ಅಮೆರಿಕದಲ್ಲಿ ಚೇಯೂನ್ ಲಿಮ್, ರಾಬರ್ಟ್ ಪಟ್ನಮ್ ಅಂತ ಇಬ್ಬರು ಸಂಶೋಧಕರು 2010ರಲ್ಲಿ ಇದನ್ನೇ ಬರೆದರು. ಪ್ರಾರ್ಥನೆಗೆ ತಪ್ಪದೆ ಹೋಗುವವರಿಗೆ ಬದುಕಿನಲ್ಲಿ ತೃಪ್ತಿ ಜಾಸ್ತಿ. ಯಾಕೆ? ಅಲ್ಲಿ ಅವರಿಗೆ ಗೆಳೆಯರಿದ್ದರು. ಗೆಳೆಯರಿಲ್ಲದೆ ಸುಮ್ನೆ ಹೋಗಿ ಬರುವವರಿಗೆ ಆ ಲಾಭ ಸಿಗಲಿಲ್ಲ.

ನನ್ನ ಹತ್ತಿರ ಒಬ್ಬ ಹುಡುಗ ಬರುತ್ತಿದ್ದ. ಇಪ್ಪತ್ತು ವರ್ಷ. ಓದಲು ಊರು ಬಿಟ್ಟು ಬಂದವನು. ವಾರ ತಪ್ಪದೆ ಪ್ರಾರ್ಥನೆಗೆ ಹೋಗುತ್ತೇನೆ, ಆದರೂ ಮನಸ್ಸಿಗೆ ಸಮಾಧಾನವಿಲ್ಲ, ನನ್ನ ಭಕ್ತಿಯಲ್ಲೇ ಏನೋ ಕೊರತೆ ಇರಬೇಕು ಅಂತ ಕಣ್ಣೀರು ಹಾಕಿದ. ಎಲ್ಲಿ ಕೂರುತ್ತೀಯಪ್ಪಾ ಅಂತ ಕೇಳಿದೆ. ಕೊನೆಯ ಸಾಲು, ಬಾಗಿಲ ಪಕ್ಕ. ಮುಗಿದ ಕೂಡಲೇ ಎದ್ದು ಹೊರಡುವುದು. ಒಂದೂವರೆ ವರ್ಷದಲ್ಲಿ ಯಾರೂ ಅವನ ಹೆಸರು ಕೇಳಿರಲಿಲ್ಲ, ಅವನೂ ಯಾರದ್ದೂ ಕೇಳಿರಲಿಲ್ಲ! ಮುಂದಿನ ವಾರ ಕಾಲು ಗಂಟೆ ನಿಂತು ಏನಾದರೂ ಕೆಲಸ ಕೇಳು ಅಂದೆ. ಕೇಳಿದನಂತೆ. ಅಲ್ಲಿದ್ದ ಹಿರಿಯರೊಬ್ಬರು, ಬಾರಪ್ಪ, ಈ ತುದಿ ಹಿಡಿ ಅಂದರಂತೆ. ದೊಡ್ಡ ಜಮಖಾನ ಮಡಚುವುದು ಒಬ್ಬರಿಂದ ಆಗುವ ಕೆಲಸವಲ್ಲ. ಇಬ್ಬರೂ ಎರಡೆರಡು ಮೂಲೆ ಹಿಡಿದು, ಧೂಳು ಕೊಡವಿ, ಎದುರುಬದುರಾಗಿ ನಡೆದು ಬಂದು ಅಂಚಿಗೆ ಅಂಚು ಸೇರಿಸಬೇಕು. ಹಾಗೆ ಹತ್ತಿರ ಬಂದಾಗ ಹೆಸರು ಕೇಳಿದರು. ಮೂರನೆಯ ವಾರ ಹುಡುಗನಿಗೆ ಜ್ವರ, ಹೋಗಿರಲಿಲ್ಲ. ಸಂಜೆಗೆ ಅವರದ್ದೇ ಫೋನು. ಯಾಕೋ ಬರಲಿಲ್ಲ, ಜಮಖಾನ ಹಾಗೇ ಬಿದ್ದಿದೆ ಅಂತ. ಇದನ್ನು ಹೇಳುವಾಗ ಆ ಹುಡುಗನ ಮುಖ ನೋಡಬೇಕಿತ್ತು ನೀವು. ಅವನ ಭಕ್ತಿ ಮೊದಲೂ ಅಷ್ಟೇ ಇತ್ತು. ಬರದಿದ್ದರೆ ಕೇಳುವವರು ಇರಲಿಲ್ಲ, ಅಷ್ಟೇ.

ಸಮಯ ಕಡಿಮೆ ಇದೆ, ಬೇಗ ಹೇಳುತ್ತೇನೆ. ಸಾಮಾಜಿಕ ನೆಮ್ಮದಿಗೆ, ಅಂದರೆ ಜನರ ನಡುವೆ ಬದುಕುವಾಗ ಸಿಗುವ ನೆಮ್ಮದಿಗೆ, ಐದು ಮುಖಗಳಿವೆ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞ ಕೋರಿ ಕೀಸ್ 1998ರಲ್ಲಿ ಬರೆದರು. ಅದರಲ್ಲಿ ಎರಡು ನೆನಪಿಡಿ: ನಾನು ಇವರಲ್ಲೊಬ್ಬ ಅನ್ನಿಸುವುದು, ನನ್ನಿಂದಲೂ ಉಪಯೋಗವಿದೆ ಅನ್ನಿಸುವುದು. ಜಮಖಾನದ ತುದಿ ಹಿಡಿದಾಗ ಎರಡೂ ಸಿಕ್ಕವು.

ಇನ್ನೊಂದು ಮಾತು. ದೇವರು ನೋಡ್ತಿದ್ದಾನೆ, ಶಿಕ್ಷೆ ಕೊಡ್ತಾನೆ ಅಂತ ಮಕ್ಕಳನ್ನು ಹೆದರಿಸಬೇಡಿ. ಕಷ್ಟ ಬಂದಾಗ ದೇವರೇ ನನ್ನ ಕೈಬಿಟ್ಟ ಅಂದುಕೊಳ್ಳುವ ಮಕ್ಕಳು ಇನ್ನೂ ಕುಗ್ಗಿಹೋಗುತ್ತಾರೆ. ದಯವಿಟ್ಟು ಬೇಡ.

ಈಗಿನ ಹುಡುಗರಿಗೆ ಭಕ್ತಿಯೇ ಇಲ್ಲ ಅಂತ ನನ್ನ ಹತ್ತಿರ ದೂರು ಹೇಳುವ ಹಿರಿಯರಿಗೆ ನನ್ನದೊಂದು ಪ್ರಶ್ನೆ. ನಿಮ್ಮ ಪ್ರಾರ್ಥನೆಯಲ್ಲಿ ಬಾಗಿಲ ಪಕ್ಕ ಕೂರುವವರ ಹೆಸರು ನಿಮಗೆ ಗೊತ್ತಾ? ಗೊತ್ತಿಲ್ಲ ಅಂದ್ರೆ ಈ ವಾರ ಕೇಳಿ. ನಮಸ್ಕಾರ.